ಕಾಯುವ ಕೆಲಸಕ್ಕೆ ಕೂಲಿ ಯಾರು ಕೊಡಬೇಕು?

ಇಂಟರ್ನೆಟ್ಟಿನಲ್ಲಿ ಹರಿಯುವ ಮಾಹಿತಿಯನ್ನು ಕದ್ದು ಓದಲಾಗದಂತೆ ಗೂಢಲಿಪಿಗೆ ಇಳಿಸುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್‌ಗೆ ದೊಡ್ಡ ಹೆಸರು. ಅದನ್ನು ಸೋರ್ಸ್ ಕೋಡ್‌ನಿಂದ ಕಟ್ಟಿಕೊಳ್ಳಲು ಹೊರಟವರ ಕಂಪ್ಯೂಟರಿನಲ್ಲಿ ಮೊದಲು ಪರ್ಲ್ ಇರಬೇಕು. ಕಟ್ಟುವ ಕೆಲಸವನ್ನು ಶುರುಮಾಡುವ ಕಡತವೇ ಪರ್ಲ್‌ನಲ್ಲಿದೆ; ಬೇರೆ ಬೇರೆ ಪ್ರೊಸೆಸರ್‌ಗಳಿಗೆ ತಕ್ಕ ಅಸೆಂಬ್ಲಿ ಕೋಡ್ ಹುಟ್ಟಿಸುವುದೂ ಪರ್ಲ್ ಸ್ಕ್ರಿಪ್ಟ್‌ಗಳೇ. ಎಷ್ಟೋ ಮುಕ್ತ ತಂತ್ರಾಂಶಗಳು ನೆಚ್ಚಿಕೊಂಡಿರುವ ಆಟೋಮೇಕ್ ಎಂಬ ಉಪಕರಣ ಪರ್ಲ್‌ನಲ್ಲಿ ಬರೆದದ್ದು. ಡೆಬಿಯನ್ ಲಿನಕ್ಸ್‌ನಲ್ಲಿ ಪರ್ಲ್‌ನ ಮೂಲಭಾಗವು ತೆಗೆದುಹಾಕಬಾರದ ಅಗತ್ಯ ಪ್ಯಾಕೇಜುಗಳ ಸಾಲಿನಲ್ಲಿದೆ. ಲಿನಕ್ಸ್ ಕರ್ನಲ್‌ಗೆ ಬರುವ ಪ್ಯಾಚ್‌ಗಳು ನಿಯಮಕ್ಕೆ ತಕ್ಕಂತಿವೆಯೇ ಎಂದು ನೋಡುವ ಸ್ಕ್ರಿಪ್ಟೂ ಪರ್ಲೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಬೆಂಗಳೂರಿನಲ್ಲಿ ಬೆಳೆದುಬಂದಿರುವ ಚಿಪ್ ವಿನ್ಯಾಸದ ಉದ್ಯಮವೂ ಪರ್ಲ್ ಸ್ಕ್ರಿಪ್ಟ್‌ಗಳನ್ನು ಬಹಳ ಕಾಲದಿಂದ ನೆಚ್ಚಿಕೊಂಡಿದೆ. ಒಂದು ಉಪಕರಣದ ಫಲಿತಾಂಶವನ್ನು ಸೋಸಿ ಇನ್ನೊಂದಕ್ಕೆ ಒದಗಿಸುವುದು ಅವುಗಳ ಕೆಲಸ. ಲ್ಯಾರಿ ವಾಲ್ 1987ರ ಡಿಸೆಂಬರ್ 18ರಂದು ಹೊರತಂದ ಈ ಭಾಷೆಯ ಕಾಲ ಮುಗಿಯಿತು ಎನ್ನುವವರು ಬಹಳ ಮಂದಿ. ಆದರೆ ಕಾಲ ಮುಗಿಯಿತೆಂದು ಅವರು ಹೇಳುತ್ತಿರುವಾಗಲೇ ಅದರ ಮೇಲೆ ಬೇರೆಯವರ ಭಾರ ಕುಳಿತಿದೆ. ಇಂಥ ಭಾಷೆಯ ತಿರುಳನ್ನೂ ಅದನ್ನು ಕಟ್ಟುವ ‘ಬಿಲ್ಡ್’ ವ್ಯವಸ್ಥೆಯನ್ನೂ ಕಾಯುವುದು ಕೆಲವರ ಬಿಡುವಿನ ವೇಳೆಯ ಸೇವೆಯಾಗಿ ಉಳಿಯಬಾರದು, ಹೊಸ ಸೌಲಭ್ಯದ ಭರವಸೆ ಕೇಳದೆ ಕಾದ ಸಮಯಕ್ಕೇ ಹಣ ಸಲ್ಲಬೇಕು ಎಂಬುದು ನನ್ನ ವಾದ.

ಕೆಲಸದ ಸ್ವರೂಪವನ್ನು ಮೊದಲು ನೋಡೋಣ. ಇಂಟರ್‌ಪ್ರಿಟರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಓದಿ, ಅರ್ಥಮಾಡಿಕೊಂಡು, ನಡೆಸುವ ಇನ್ನೊಂದು ಪ್ರೋಗ್ರಾಂ. ಪರ್ಲ್‌ನ ಇಂಟರ್‌ಪ್ರಿಟರ್ ಸಿ ಭಾಷೆಯಲ್ಲಿದೆ. ಸಿ ಭಾಷೆಯಲ್ಲಿ ಬರೆದದ್ದು ಎಲ್ಲ ಯಂತ್ರಗಳಲ್ಲೂ ಒಂದೇ ಥರ ನಡೆಯುತ್ತದೆ ಎಂಬುದು ಪಾಠದ ಮಟ್ಟಿಗೆ ಸರಿ. ವಾಸ್ತವದಲ್ಲಿ ‘ಲಾಂಗ್’ ಎಂದು ಕರೆಯುವ ಪೂರ್ಣಾಂಕ 64 ಬಿಟ್‌ನ ಲಿನಕ್ಸ್‌ನಲ್ಲಿ 64 ಬಿಟ್ ಇದ್ದರೆ, 64 ಬಿಟ್‌ನ ವಿಂಡೋಸ್‌ನಲ್ಲಿ 32 ಬಿಟ್ ಮಾತ್ರ. ಕೆಲವು ಯಂತ್ರಗಳು ಸಂಖ್ಯೆಯ ದೊಡ್ಡ ಬೈಟನ್ನು ಮೊದಲಿಡುತ್ತವೆ, ಕೆಲವು ಚಿಕ್ಕದನ್ನು. ಒಂದು ವ್ಯವಸ್ಥೆಯಲ್ಲಿರುವ ಲೈಬ್ರರಿ ಫಂಕ್ಷನ್ ಇನ್ನೊಂದರಲ್ಲಿ ಇರುವುದಿಲ್ಲ. ಇದ್ದರೂ ಬೇರೆ ರೀತಿ ನಡೆದುಕೊಳ್ಳುತ್ತದೆ. ಇದನ್ನೆಲ್ಲ ಪತ್ತೆಹಚ್ಚಲು ಪರ್ಲ್‌ನ ಜೊತೆಗೆ ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ಬರುತ್ತದೆ. ಅದರ ಉದ್ದ ಇಪ್ಪತ್ತು ಸಾವಿರ ಸಾಲುಗಳನ್ನು ದಾಟಿದೆ. ಅದು ಒಂದೊಂದು ಪ್ರಶ್ನೆಗೂ ಒಂದು ಪುಟ್ಟ ಸಿ ಪ್ರೋಗ್ರಾಮನ್ನು ಬರೆದು, ಕಂಪೈಲ್ ಮಾಡಿ, ಬಹಳ ಸಲ ಓಡಿಸಿಯೂ ನೋಡಿ, ಬಂದ ಉತ್ತರವನ್ನು ಕಡತವೊಂದರಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆ ಉತ್ತರಗಳ ಆಧಾರದ ಮೇಲೆ ಮುಂದಿನ ಕಟ್ಟಡ. ಪರ್ಲ್ ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ಈ ಸ್ಕ್ರಿಪ್ಟನ್ನು ಪರ್ಲ್‌ನಲ್ಲಿ ಬರೆಯುವಂತಿಲ್ಲ. ಹಳೆಯ ಯೂನಿಕ್ಸ್‌ನ ಸರಳ ಶೆಲ್ ಭಾಷೆಯಲ್ಲೇ ಇರಬೇಕು. ಅದನ್ನು ನೇರವಾಗಿ ತಿದ್ದುವಂತೆಯೂ ಇಲ್ಲ. ಮೆಟಾಕಾನ್ಫಿಗ್ ಎಂಬ ಉಪಕರಣ ನೂರಾರು ಸಣ್ಣ ತುಣುಕುಗಳನ್ನು ಹೊಂದಿಸಿ ಅದನ್ನು ತಯಾರಿಸುತ್ತದೆ. ತಿದ್ದುಪಡಿ ಆ ತುಣುಕಿಗೆ ಆಗದಿದ್ದರೆ ಮುಂದಿನ ಸಲ ಕಾನ್ಫಿಗರ್ ತಯಾರಾದಾಗ ಅಳಿಸಿಹೋಗುತ್ತದೆ. ವಿಂಡೋಸ್‌ನಲ್ಲಿ ಈ ಶೆಲ್ ಸ್ಕ್ರಿಪ್ಟ್ ಬಳಕೆಯಾಗುವುದಿಲ್ಲ, ಆದ್ದರಿಂದ ಅಲ್ಲಿಗೆ ಉತ್ತರಗಳನ್ನು ಮೊದಲೇ ತುಂಬಿಟ್ಟ ಬೇರೆ ಕಡತಗಳಿವೆ. ವಿಎಂಎಸ್ ವ್ಯವಸ್ಥೆಗೆ ಅದರದೇ ಭಾಷೆಯಲ್ಲಿ ಇನ್ನೊಂದು ಸ್ಕ್ರಿಪ್ಟ್. ಹಾಗಾಗಿ ‘ಈ ಫಂಕ್ಷನ್ ಇದೆಯೇ?’ ಎಂಬ ಒಂದೇ ಒಂದು ಹೊಸ ಪ್ರಶ್ನೆ ಸೇರಿಸುವವರು ಹಲವು ಕಡೆ ಕೈಯಾಡಿಸಬೇಕು, ಒಂದು ಕಡೆ ಮರೆತರೂ ತಾವು ಎಂದೂ ಮುಟ್ಟದ ಯಂತ್ರವೊಂದರಲ್ಲಿ ಕಟ್ಟಡ ನಿಲ್ಲುತ್ತದೆ.

ಕಾನ್ಫಿಗರ್ ಮುಗಿದ ಮೇಲಿನ ಹಂತ ಇನ್ನೂ ಸ್ವಾರಸ್ಯಕರ. ಪರ್ಲ್ ತನ್ನನ್ನು ಕಟ್ಟಿಕೊಳ್ಳಲು ತನ್ನನ್ನೇ ಬಳಸುತ್ತದೆ. ಸಿ ಕೋಡ್ ಮತ್ತು ಪರ್ಲ್‌ಗಳನ್ನು ಬೆಸೆಯುವ ಭಾಗಗಳನ್ನು ಶುದ್ಧ ಸಿ ಕೋಡ್ ಆಗಿ ಬದಲಿಸುವ ಉಪಕರಣ ಒಂದು ಪರ್ಲ್ ಪ್ರೋಗ್ರಾಂ. ಕಾನ್ಫಿಗರ್ ಕಂಡುಕೊಂಡ ಉತ್ತರಗಳನ್ನು ಪರ್ಲ್‌ಗೆ ಅರ್ಥವಾಗುವ ಮಾಡ್ಯೂಲ್ ಆಗಿ ಬರೆಯುವುದೂ ಪರ್ಲ್ ಪ್ರೋಗ್ರಾಮೇ. ಪರ್ಲ್ ಇಲ್ಲದೆ ಇವು ನಡೆಯವು, ಇವು ನಡೆಯದೆ ಪರ್ಲ್ ಪೂರ್ತಿಯಾಗದು. ಈ ಗಂಟನ್ನು ಬಿಡಿಸಲು ಮೊದಲು ಮಿನಿಪರ್ಲ್ ಎಂಬ ಅರೆ ಇಂಟರ್‌ಪ್ರಿಟರ್ ಕಟ್ಟುತ್ತಾರೆ. ಅದಕ್ಕೆ ಹೊರಗಿನ ಸಿ ಲೈಬ್ರರಿಗಳನ್ನು ಓಡುತ್ತಿರುವಾಗಲೇ ಕೂಡಿಸಿಕೊಳ್ಳುವ ಶಕ್ತಿ ಇಲ್ಲ, ಆದರೆ ಮೇಲೆ ಹೇಳಿದ ಪ್ರೋಗ್ರಾಂಗಳನ್ನು ಓಡಿಸುವಷ್ಟು ಭಾಷೆ ಬರುತ್ತದೆ. ಅದು ಉಳಿದ ಭಾಗಗಳನ್ನು ತಯಾರಿಸಿಕೊಟ್ಟ ಮೇಲೆ ಪೂರ್ಣ ಪರ್ಲ್ ಎದ್ದುನಿಲ್ಲುತ್ತದೆ. ಯೂನಿಕೋಡ್ ಕೋಷ್ಟಕಗಳು ಸಿದ್ಧವಾಗುವುದೂ ಈ ದಾರಿಯಲ್ಲೇ, ಮತ್ತು ಇಲ್ಲಿ ಕನ್ನಡದ ಪಾಲೂ ಇದೆ. ಯಾವ ಸಂಕೇತ ಅಕ್ಷರ, ಯಾವುದು ಅಂಕಿ, ಯಾವುದು ಹಿಂದಿನ ಅಕ್ಷರಕ್ಕೆ ಅಂಟುವ ಚಿಹ್ನೆ ಎಂಬುದನ್ನು ಯೂನಿಕೋಡ್ ಸಂಸ್ಥೆಯ ದತ್ತಾಂಶದಿಂದ ಓದಿ ಪರ್ಲ್ ತನ್ನ ಒಳಗಿನ ಕೋಷ್ಟಕಗಳಿಗೆ ಇಳಿಸಿಕೊಳ್ಳುತ್ತದೆ. ಪಠ್ಯದಲ್ಲಿ ಅಂಕಿ ಹುಡುಕು ಎಂದಾಗ ಪರ್ಲ್ ೦ಯಿಂದ ೯ರವರೆಗಿನ ಕನ್ನಡ ಅಂಕಿಗಳನ್ನೂ ಗುರುತಿಸುವುದು ಈ ಕೋಷ್ಟಕಗಳ ಬಲದಿಂದ. 2022ರ ಯೂನಿಕೋಡ್ 15.0 ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಹೊಸ ಚಿಹ್ನೆಯೊಂದು ಸೇರಿತು, ಅಕ್ಷರದ ಬಲ ಮೇಲ್ತುದಿಯಲ್ಲಿ ಕೂರುವ ಅನುಸ್ವಾರ. 2023ರ ಜುಲೈನಲ್ಲಿ ಬಂದ ಪರ್ಲ್ 5.38ಕ್ಕೆ ಅದು ಗೊತ್ತಿತ್ತು. ಅದಕ್ಕಾಗಿ ಕನ್ನಡಿಗರು ಯಾರೂ ಪರ್ಲ್‌ನವರಿಗೆ ಅರ್ಜಿ ಹಾಕಬೇಕಾಗಿರಲಿಲ್ಲ. ಹೊಸ ದತ್ತಾಂಶ ಬಂದಾಗಲೆಲ್ಲ ಕೋಷ್ಟಕಗಳನ್ನು ಹೊಸದಾಗಿ ಹುಟ್ಟಿಸಿ, ಒಡೆದದ್ದನ್ನು ಸರಿಮಾಡುವ ಪರಿಪಾಠವೊಂದು ಬಿಲ್ಡ್ ವ್ಯವಸ್ಥೆಯಲ್ಲಿ ಜೀವಂತವಾಗಿತ್ತು, ಅಷ್ಟೇ.

ಒಮ್ಮೆ ಕಟ್ಟಿದ ಮೇಲೆ ಇದನ್ನು ಮುಟ್ಟದೆ ಬಿಟ್ಟರೆ ಏನಾಗುತ್ತದೆ? ನಡೆಯುತ್ತಿರುವುದನ್ನು ಕೆದಕಬೇಡ ಎಂಬ ಬುದ್ಧಿಮಾತು ಈ ಕ್ಷೇತ್ರದಲ್ಲೂ ಬಲವಾಗಿದೆ. ಆದರೆ ಬಿಲ್ಡ್ ವ್ಯವಸ್ಥೆ ತಾನು ಬದಲಾಗದಿದ್ದರೂ ಅದರ ಕೆಳಗಿನ ನೆಲ ಬದಲಾಗುತ್ತದೆ. 2024ರ ಮೇ ತಿಂಗಳಲ್ಲಿ ಹೊರಬಂದ ಜಿಸಿಸಿ 14 ಕಂಪೈಲರ್ ಇದಕ್ಕೆ ಒಳ್ಳೆಯ ಸಾಕ್ಷಿ. ಹಳೆಯ ಸಿ ಭಾಷೆಯಲ್ಲಿ ಫಂಕ್ಷನ್ ಒಂದನ್ನು ಮೊದಲೇ ಘೋಷಿಸದೆ ಕರೆದರೂ ನಡೆಯುತ್ತಿತ್ತು. 1999ರ ಮಾನಕ ಅದನ್ನು ತೆಗೆದುಹಾಕಿದರೂ ಕಂಪೈಲರ್‌ಗಳು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿದ್ದವು. ಜಿಸಿಸಿ 14 ಅದನ್ನು ದೋಷವೆಂದೇ ಎಣಿಸಿತು. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಅದಕ್ಕೂ ಹಿಂದಿನ ವರ್ಷವೇ ಈ ದಾರಿ ಹಿಡಿದಿತ್ತು. ದಶಕಗಳ ಹಿಂದೆ ಬರೆದ ಕಾನ್ಫಿಗರ್ ಸ್ಕ್ರಿಪ್ಟ್‌ಗಳ ಪುಟ್ಟ ಪರೀಕ್ಷಾ ಪ್ರೋಗ್ರಾಂಗಳು ಇಂಥ ಸಡಿಲ ಸಿ ಭಾಷೆಯಲ್ಲೇ ಇದ್ದವು. ಆತಂಕದ ಸಂಗತಿ ಇರುವುದು ಇಲ್ಲೇ. ಸಾಮಾನ್ಯ ಕೋಡ್‌ನಲ್ಲಿ ದೋಷವಿದ್ದರೆ ಕಂಪೈಲ್ ನಿಂತುಹೋಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಕಾನ್ಫಿಗರ್‌ನ ಪರೀಕ್ಷೆಯಲ್ಲಿ ಕಂಪೈಲ್ ನಿಂತರೆ ಅದಕ್ಕೆ ‘ಈ ಸೌಲಭ್ಯ ಈ ಯಂತ್ರದಲ್ಲಿ ಇಲ್ಲ’ ಎಂದು ಅರ್ಥ. ಪರೀಕ್ಷೆ ಬರೆದ ರೀತಿಯೇ ಹಳಸಿದೆ ಎಂಬುದು ಅದಕ್ಕೆ ತಿಳಿಯದು. ಕಟ್ಟಡ ಸದ್ದಿಲ್ಲದೆ ಪೂರ್ತಿಯಾಗುತ್ತದೆ, ಆದರೆ ಒಳಗೆ ಒಂದು ಸೌಲಭ್ಯ ಕಾಣೆಯಾಗಿರುತ್ತದೆ, ಅಥವಾ ನಿಧಾನವಾದ ಬದಲಿ ದಾರಿಯೊಂದು ಬಂದು ಕೂತಿರುತ್ತದೆ. ಫೆಡೋರಾ ಲಿನಕ್ಸ್‌ನ ಅಭಿವೃದ್ಧಿಗಾರರು ಹೊಸ ಕಂಪೈಲರ್ ಬರುವುದಕ್ಕೆ ಮುಂಚೆಯೇ ತಮ್ಮ ಪ್ಯಾಕೇಜುಗಳನ್ನೆಲ್ಲ ಜಾಲಾಡಿ ಇಂಥ ಪರೀಕ್ಷೆಗಳನ್ನು ಸರಿಪಡಿಸಬೇಕಾಯಿತು. ಸ್ವತಃ ಒಂದಕ್ಷರವೂ ಬದಲಾಗದ ಕೋಡ್ ಹೀಗೆ ಕೆಡುತ್ತದೆ. ಕಾಯುವವರಿಗೆ ರಜೆ ಇಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ನನಗೆ ಕಾಣುವುದಿಲ್ಲ.

ತಿರುಳಿನ ಕೆಲಸದ ಕಷ್ಟ ಬೇರೆ ಥರದ್ದು. ಅಲ್ಲಿ ಸರಿಯಾದ ತಿದ್ದುಪಡಿಯೇ ಹಾನಿ ಮಾಡಬಲ್ಲದು. 2003ರಲ್ಲಿ ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಕ್ ಎಂಬ ಸಂಶೋಧಕರು ಹ್ಯಾಶ್ ಎಂಬ ಕೋಷ್ಟಕ ರಚನೆಯ ದೌರ್ಬಲ್ಯವೊಂದನ್ನು ತೋರಿಸಿದರು. ಹ್ಯಾಶ್‌ನಲ್ಲಿ ಹೆಸರುಗಳನ್ನು ಗಣಿತದ ಸೂತ್ರವೊಂದರ ಪ್ರಕಾರ ಬೇರೆ ಬೇರೆ ಗೂಡುಗಳಿಗೆ ಹಂಚುತ್ತಾರೆ. ಆದ್ದರಿಂದಲೇ ಹುಡುಕುವುದು ಬೇಗ. ಸೂತ್ರ ಗೊತ್ತಿರುವ ದುಷ್ಟನೊಬ್ಬ ಎಲ್ಲವೂ ಒಂದೇ ಗೂಡಿಗೆ ಬೀಳುವಂಥ ಹೆಸರುಗಳನ್ನು ಆರಿಸಿ ಕಳಿಸಿದರೆ ಸರ್ವರ್ ಕುಸಿಯುತ್ತದೆ. ಪರಿಹಾರವೆಂದರೆ ಸೂತ್ರಕ್ಕೆ ಪ್ರತಿ ಓಟದಲ್ಲೂ ಬೇರೆ ಗುಪ್ತ ಸಂಖ್ಯೆ ಸೇರಿಸುವುದು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಪರ್ಲ್ 5.8.1 ಹಾಗೆ ಮಾಡಿತು, ಆದರೆ ಹಳೆಯ ಮಾಡ್ಯೂಲ್‌ಗಳ ಜೊತೆ ಹೊಂದಾಣಿಕೆ ತಪ್ಪಿದ್ದರಿಂದ 5.8.2ರಲ್ಲಿ ಅದನ್ನು ದಾಳಿಯ ಲಕ್ಷಣ ಕಂಡಾಗ ಮಾತ್ರ ನಡೆಯುವಂತೆ ಬದಲಿಸಬೇಕಾಯಿತು. ಹತ್ತು ವರ್ಷದ ನಂತರ, 2013ರಲ್ಲಿ, ಆ ರಕ್ಷಣೆಯಲ್ಲೂ ಬಿರುಕು ಸಿಕ್ಕಿತು. ಪರ್ಲ್ 5.18 ಪ್ರತಿ ಓಟಕ್ಕೂ ಹ್ಯಾಶ್‌ನ ಕ್ರಮವನ್ನು ಕಲಸಿತು. ಹ್ಯಾಶ್‌ನಲ್ಲಿರುವ ಹೆಸರುಗಳು ಯಾವ ಕ್ರಮದಲ್ಲಿ ಹೊರಬರುತ್ತವೆ ಎಂಬುದಕ್ಕೆ ಯಾವ ಭರವಸೆಯೂ ಇಲ್ಲವೆಂದು ಕೈಪಿಡಿ ಮೊದಲಿನಿಂದ ಹೇಳುತ್ತಿತ್ತು. ಆದರೂ ಲೆಕ್ಕವಿಲ್ಲದಷ್ಟು ಪ್ರೋಗ್ರಾಂಗಳು ತಮಗೆ ಅರಿವಿಲ್ಲದೆ ಆ ಕ್ರಮವನ್ನು ನೆಚ್ಚಿದ್ದವು, ಮತ್ತು ಅವುಗಳ ಟೆಸ್ಟ್‌ಗಳು ಒಮ್ಮೆ ಗೆದ್ದು ಒಮ್ಮೆ ಸೋಲತೊಡಗಿದವು. 2017ರ ಮೇನಲ್ಲಿ ಬಂದ 5.26ರ ಕಥೆಯೂ ಇಂಥದೇ. ಮಾಡ್ಯೂಲ್ ಹುಡುಕುವಾಗ ಪರ್ಲ್ ನೋಡುವ ಜಾಗಗಳ ಪಟ್ಟಿಯ ಕೊನೆಯಲ್ಲಿ ಒಂದು ಚುಕ್ಕೆ ಇರುತ್ತಿತ್ತು. ಈಗ ನಿಂತಿರುವ ಫೋಲ್ಡರ್ ಎಂದು ಅದರ ಅರ್ಥ. ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಫೋಲ್ಡರಿನಲ್ಲಿ ನಿಂತು ಆಡಳಿತಗಾರನೊಬ್ಬ ಪ್ರೋಗ್ರಾಂ ಓಡಿಸಿದರೆ, ಅಲ್ಲಿ ಯಾರೋ ಇಟ್ಟುಹೋದ ಕಡತ ಅವನ ಅಧಿಕಾರದಲ್ಲಿ ಓಡಿಬಿಡಬಹುದಿತ್ತು. ಆ ಚುಕ್ಕೆಯನ್ನು ತೆಗೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪಕ್ಕದಲ್ಲಿರುವ ಕಡತ ತಾನಾಗಿ ಸಿಗುತ್ತದೆಂದು ನಂಬಿ ಬರೆದ ಎಷ್ಟೋ ಮಾಡ್ಯೂಲ್‌ಗಳ ಸ್ಥಾಪನಾ ಸ್ಕ್ರಿಪ್ಟ್‌ಗಳು ಅದರಿಂದ ನಿಂತುಹೋಗುತ್ತಿದ್ದವು. ಹಾಗಾಗಿ ಮೊದಲು ಕಾನ್ಫಿಗರ್‌ನಲ್ಲಿ ಬೇಕಾದವರು ಆರಿಸಿಕೊಳ್ಳುವ ಆಯ್ಕೆಯಾಗಿ ಅದನ್ನು ಇಟ್ಟು, ಆಮೇಲೆ ಅದನ್ನೇ ರೂಢಿ ಮಾಡಿ, ಪರದಾಡುವವರಿಗೆ ಹಳೆಯ ನಡವಳಿಕೆಯನ್ನು ತಾತ್ಕಾಲಿಕವಾಗಿ ಮರಳಿ ಪಡೆಯುವ ದಾರಿಯನ್ನೂ ಬಿಟ್ಟರು. ಚುಕ್ಕೆ ಅಳಿಸಲು ಒಂದು ನಿಮಿಷ ಸಾಕು. ಅಳಿಸಿದರೆ ಏನೇನು ಬೀಳುತ್ತದೆಂದು ಪತ್ತೆಹಚ್ಚಿ, ಬೀಳುವವರಿಗೆ ಮುಂಚೆ ತಿಳಿಸಿ, ಅವರ ಕೋಡ್‌ಗೂ ಪ್ಯಾಚ್ ಕಳಿಸುವುದೇ ನಿಜವಾದ ದುಡಿಮೆ.

ಇಂಥ ದುಡಿಮೆಯನ್ನು ಪರ್ಲ್ ಸಮುದಾಯ ಬಹುಕಾಲ ಒಬ್ಬರ ಹೆಗಲಿಗೆ ಹೊರಿಸಿತ್ತು. ತಿರುಳಿನ ಬದಲಾವಣೆಗಳನ್ನು ಒಪ್ಪಿ ಆವೃತ್ತಿ ಹೊರತರುವವರನ್ನು ಪಂಪ್‌ಕಿಂಗ್ ಎಂದು ಕರೆಯುತ್ತಿದ್ದರು. ಪರ್ಲ್ 5.8.0 ಬಂದದ್ದು 2002ರ ಜುಲೈನಲ್ಲಿ. ಅದರ ಮುಂದಿನ ದೊಡ್ಡ ಆವೃತ್ತಿ 5.10.0 ಬಂದದ್ದು 2007ರ ಡಿಸೆಂಬರ್‌ನಲ್ಲಿ. ಅದರಲ್ಲಿನ ತಪ್ಪುಗಳನ್ನು ತಿದ್ದಿದ 5.10.1ಕ್ಕೆ ಮತ್ತೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಆ ಅವಧಿಯಲ್ಲಿ ದುಡಿದವರ ಸಾಮರ್ಥ್ಯ ಕಡಿಮೆ ಇರಲಿಲ್ಲ. ವ್ಯವಸ್ಥೆಯೇ ಒಬ್ಬರ ದಣಿವಿಗೆ ತಕ್ಕಂತೆ ನಿಲ್ಲುವಂತಿತ್ತು. ಜೆಸ್ಸಿ ವಿನ್ಸೆಂಟ್ ಈ ಹೊಣೆ ಹೊತ್ತಾಗ ಭಾಷೆಗೆ ಹೊಸದೇನನ್ನೂ ಸೇರಿಸುವ ಮೊದಲು ಬಿಡುಗಡೆಯ ಕೆಲಸವನ್ನೇ ಬದಲಿಸಿದರು. ಆವೃತ್ತಿ ಹೊರತರುವ ಒಂದೊಂದು ಹೆಜ್ಜೆಯನ್ನೂ ಬರೆದಿಟ್ಟು, ಪ್ರತಿ ತಿಂಗಳು ಬೇರೊಬ್ಬರು ಪ್ರಯೋಗದ ಆವೃತ್ತಿ ಹೊರತರುವ ಪದ್ಧತಿ ಬಂತು. 2010ರ ಏಪ್ರಿಲ್‌ನಲ್ಲಿ 5.12 ಬಂದ ಮೇಲೆ ವರ್ಷಕ್ಕೊಂದು ಸ್ಥಿರ ಆವೃತ್ತಿ ತಪ್ಪದೆ ಬರುತ್ತಿದೆ. 2020ರ ಕೊನೆಯ ಹೊತ್ತಿಗೆ ಪಂಪ್‌ಕಿಂಗ್ ಸ್ಥಾನವೇ ಹೋಗಿ ಮೂವರ ಸಮಿತಿ ಬಂತು. 5.12 ಬಂದ ವರ್ಷವೇ ಆಗಿದ್ದ ಇನ್ನೊಂದು ಬದಲಾವಣೆ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅದರ ತೂಕ ಇನ್ನೂ ಹೆಚ್ಚು. ಅದುವರೆಗೆ ಪರ್ಲ್ ಫೌಂಡೇಶನ್ ಸಾಮಾನ್ಯವಾಗಿ ಇಂತಿಂಥ ಸೌಲಭ್ಯ ಮಾಡಿಕೊಡುತ್ತೇನೆಂದು ಬರೆದುಕೊಟ್ಟವರಿಗೆ ಅನುದಾನ ಕೊಡುತ್ತಿತ್ತು. 2010ರಲ್ಲಿ ಡೇವ್ ಮಿಚೆಲ್ ಅವರಿಗೆ ತಿರುಳಿನ ಹಳೆಯ ಬಗ್‌ಗಳನ್ನು ಬಿಡಿಸಲು ಗಂಟೆಯ ಲೆಕ್ಕದಲ್ಲಿ ಹಣ ಕೊಡಲು ಶುರುಮಾಡಿತು. ಮುಂದೆ ನಿಕೊಲಸ್ ಕ್ಲಾರ್ಕ್, ಟೋನಿ ಕುಕ್ ಅವರಿಗೂ ಇದೇ ಬಗೆಯ ಅನುದಾನ ಸಿಕ್ಕಿತು. ಅವರು ಏನು ಮಾಡಿದರು, ಎಷ್ಟು ಹೊತ್ತು ಮಾಡಿದರು ಎಂಬ ವರದಿಗಳು ಬಹಿರಂಗವಾಗಿ ಪ್ರಕಟವಾದವು. ಅವುಗಳಲ್ಲಿ ಬೆರಗುಗೊಳಿಸುವ ಸಾಧನೆಗಳ ಪಟ್ಟಿ ಹುಡುಕಬಾರದು. ಯಾರದೋ ಪ್ಯಾಚ್ ಪರಿಶೀಲನೆ, ಒಂದೇ ವ್ಯವಸ್ಥೆಯಲ್ಲಿ ಕಾಣುವ ಕಂಪೈಲ್ ದೋಷ, ಮೆಮೊರಿ ಸೋರಿಕೆಯ ಜಾಡು, ಒಂದೇ ಕಾಲಕ್ಕೆ ಹಲವು ಭಾಗಗಳನ್ನು ಕಟ್ಟುವಾಗ ಮಾತ್ರ ಕೈಕೊಡುವ ಅವಲಂಬನೆಗಳು, ಇಂಥವೇ ತುಂಬಿವೆ. ಈ ಕೊನೆಯದನ್ನು ತುಸು ವಿವರಿಸಬೇಕು. ‘ಅ’ ಕಡತ ಸಿದ್ಧವಾದ ಮೇಲೆಯೇ ‘ಆ’ ಕಡತ ಕಟ್ಟಬೇಕು ಎಂಬುದನ್ನು ಕಟ್ಟುವ ಕ್ರಮವನ್ನು ಹೇಳುವ ಮೇಕ್‌ಫೈಲ್‌ನಲ್ಲಿ ಬರೆಯಲು ಮರೆತಿದ್ದರೆ, ಒಂದೊಂದಾಗಿ ಕಟ್ಟುವಾಗ ಅದೃಷ್ಟವಶಾತ್ ಎಲ್ಲ ಸರಿಯಿರುತ್ತದೆ. ಹಲವು ಪ್ರೊಸೆಸರ್‌ಗಳ ಮೇಲೆ ಒಟ್ಟಿಗೆ ಕಟ್ಟುವಾಗ ಹತ್ತು ಸಲದಲ್ಲಿ ಒಂದು ಸಲ ‘ಆ’ ಮುಂದೆ ಓಡುತ್ತದೆ. ಮತ್ತೆ ಓಡಿಸಿದರೆ ದೋಷ ಮಾಯ. ಸಂಜೆಯ ಬಿಡುವಿನಲ್ಲಿ ಒಂದು ತಾಸು ಕೊಡಬಲ್ಲ ಸ್ವಯಂಸೇವಕ ಇದರ ಬೆನ್ನು ಹತ್ತಲಾರ. ಸತತವಾಗಿ ಕೂತು ನೋಡುವವರಿಗೆ ಮಾತ್ರ ಅದು ಸಿಗುತ್ತದೆ.

ಇಷ್ಟೆಲ್ಲ ಹಳೆಯ ಜಂಜಾಟ ಏಕೆ, ಹೊಸ ಬಿಲ್ಡ್ ಉಪಕರಣದಲ್ಲಿ ಮೊದಲಿನಿಂದ ಬರೆದುಬಿಡಬಾರದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಮೊದಲಿನಿಂದ ಬರೆಯುವ ಪ್ರಯೋಗ ಪರ್ಲ್ ಜಗತ್ತಿನಲ್ಲೇ ನಡೆದಿದೆ. 2000ದಲ್ಲಿ ಪರ್ಲ್ 6 ಘೋಷಣೆಯಾಯಿತು. ಅದರ ಮೊದಲ ಸ್ಥಿರ ಆವೃತ್ತಿ ಬಂದದ್ದು 2015ರ ಡಿಸೆಂಬರ್‌ನಲ್ಲಿ. ಅದು ಸೊಗಸಾದ ಭಾಷೆ, ಆದರೆ ಪರ್ಲ್ 5ರ ಜಾಗಕ್ಕೆ ಬರಲಿಲ್ಲ. 2019ರಲ್ಲಿ ರಾಕು ಎಂಬ ಬೇರೆ ಹೆಸರನ್ನೇ ಪಡೆಯಿತು. ಆ ಹದಿನೈದು ವರ್ಷವೂ ಜಗತ್ತಿನ ಕೆಲಸ ನಡೆಸಿದ್ದು ಹಳೆಯ ಪರ್ಲ್ 5 ಮತ್ತು ಅದನ್ನು ಕಾದವರು. ಬಿಲ್ಡ್ ವ್ಯವಸ್ಥೆಯಲ್ಲೂ ಇಂಥದೊಂದು ಆಯಿತು. ಮಾಡ್ಯೂಲ್‌ಗಳನ್ನು ಕಟ್ಟುವ ಹಳೆಯ ಮೇಕ್‌ಮೇಕರ್‌ಗೆ ಬದಲಿಯಾಗಿ ಮಾಡ್ಯೂಲ್-ಬಿಲ್ಡ್ ಎಂಬುದನ್ನು ಬರೆದು, 5.10ರಿಂದ ಪರ್ಲ್‌ನ ಜೊತೆಗೇ ಹಂಚಿದರು. 2015ರ 5.22ರಲ್ಲಿ ಅದನ್ನು ಹೊರಗಿಟ್ಟರು. ಮೇಕ್‌ಮೇಕರ್ ಇಂದಿಗೂ ಒಳಗಿದೆ. ಹೊಸದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹಳೆಯ ಸ್ಕ್ರಿಪ್ಟಿನ ಒಂದೊಂದು ವಿಚಿತ್ರ ಪ್ರಶ್ನೆಯ ಹಿಂದೆಯೂ ಎಲ್ಲೋ ಒಂದು ಯಂತ್ರ ಕೈಕೊಟ್ಟ ಅನುಭವವಿದೆ. ಹೊಸತಾಗಿ ಬರೆಯುವವರು ಆ ಅನುಭವವನ್ನು ಓದಿ ತಿಳಿಯಬೇಕು, ಇಲ್ಲವೇ ಅದೇ ಏಟನ್ನು ಮತ್ತೆ ತಿನ್ನಬೇಕು. ಓದಿ ತಿಳಿಯುವುದಾದರೆ ಹಳೆಯದನ್ನು ಕಾಯುತ್ತಿರುವವರ ನೆರವಿಲ್ಲದೆ ಆಗದು. ಈ ಆಕ್ಷೇಪದಲ್ಲಿ ಒಪ್ಪಬೇಕಾದ ಭಾಗವೂ ಇದೆ. ಎಲ್ಲವನ್ನೂ ಎಂದೆಂದಿಗೂ ಉಳಿಸಿಕೊಳ್ಳುವುದು ಕಾಯುವುದರ ಅರ್ಥವಲ್ಲ. ಪರ್ಲ್ 5.18ರಲ್ಲಿ ಬಿಓಎಸ್, ಎಂಪಿಇ, ಎಪಾಕ್ ಮುಂತಾದ ಅಳಿದ ವ್ಯವಸ್ಥೆಗಳಿಗೆಂದೇ ಇದ್ದ ಕೋಡನ್ನು ಕಿತ್ತುಹಾಕಿದರು. ಅದು ಒಳ್ಳೆಯ ನಿರ್ಧಾರ. ಹಾಗೆಂದು ಹಳೆಯದೆಲ್ಲ ಕಸವೂ ಅಲ್ಲ. ಐಬಿಎಂ ಮೇನ್‌ಫ್ರೇಮ್‌ಗಳ ಎಬ್ಸಿಡಿಕ್ ಅಕ್ಷರ ಸಂಕೇತದ ಬೆಂಬಲ ಕಾಯುವವರಿಲ್ಲದೆ ವರ್ಷಗಟ್ಟಲೆ ಮುರಿದುಬಿದ್ದಿತ್ತು, 5.22ರಲ್ಲಿ ಅದನ್ನು ಮತ್ತೆ ನಡೆಯುವಂತೆ ಮಾಡಿದರು. ಯಾವುದನ್ನು ಬಿಡಬೇಕು, ಯಾವುದನ್ನು ಎತ್ತಿನಿಲ್ಲಿಸಬೇಕು ಎಂಬ ತೀರ್ಮಾನಕ್ಕೂ ಒಳಹೊಕ್ಕು ಬಲ್ಲವರೇ ಬೇಕು.

ಇನ್ನೊಂದು ಆಕ್ಷೇಪ ಹಣದ್ದು. ಮುಕ್ತ ತಂತ್ರಾಂಶ ಬೆಳೆದದ್ದು ಪ್ರೀತಿಯಿಂದ, ಕೂಲಿ ಬಂದರೆ ಆ ಪ್ರೀತಿ ಕೆಡುತ್ತದೆ, ಅಗತ್ಯವಿದ್ದರೆ ಯಾರಾದರೂ ಬಂದೇ ಬರುತ್ತಾರೆ ಎಂಬುದು ಅದರ ಸಾರ. ಯಾರಾದರೂ ಬಂದೇ ಬರುತ್ತಾರೆ ಎಂಬ ಮಾತಿನ ಭಯಾನಕ ರೂಪವನ್ನು ನಾವು 2024ರ ಮಾರ್ಚ್‌ನಲ್ಲಿ ಕಂಡೆವು. ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶವನ್ನು ಬಹುತೇಕ ಒಬ್ಬನೇ ವ್ಯಕ್ತಿ ಸಂಬಳವಿಲ್ಲದೆ, ಹವ್ಯಾಸವಾಗಿ ನೋಡಿಕೊಳ್ಳುತ್ತಿದ್ದ. ಕೆಲಸ ನಿಧಾನವಾಯಿತೆಂದು ಹಲವು ಹೆಸರುಗಳಿಂದ ಅವನ ಮೇಲೆ ಒತ್ತಡ ಬಂತು. ನೆರವಿಗೆಂದು ಬಂದ ಹೊಸಬ ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿ, ಕೊನೆಗೆ ಆವೃತ್ತಿ ಹೊರತರುವ ಅಧಿಕಾರವನ್ನೇ ಪಡೆದ. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅವನು ಹಿಂಬಾಗಿಲೊಂದನ್ನು ಇಟ್ಟ. ಎಲ್ಲಿಟ್ಟ ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಎಲ್ಲರೂ ಓದುವ ಸಿ ಕೋಡ್‌ನಲ್ಲಿ ಅಲ್ಲ. ಟೆಸ್ಟ್‌ಗೆಂದು ಇಟ್ಟ ಕಡತಗಳಲ್ಲಿ ವಿಷವನ್ನು ಅಡಗಿಸಿ, ಅದನ್ನು ಹೊರತೆಗೆಯುವ ಸಾಲುಗಳನ್ನು ಬಿಲ್ಡ್ ಸ್ಕ್ರಿಪ್ಟಿನಲ್ಲಿ ಸೇರಿಸಿದ. ಆ ಸ್ಕ್ರಿಪ್ಟಿನ ತಿರುಚಿದ ರೂಪ ಹಂಚಿಕೆಯ ಕಟ್ಟಿನಲ್ಲಿ ಮಾತ್ರ ಇತ್ತು, ಬಹಿರಂಗ ಕೋಡ್ ಭಂಡಾರದಲ್ಲಿ ಇರಲಿಲ್ಲ. ಇದರ ಜೊತೆಗೆ ಇನ್ನೊಂದು ಕುತಂತ್ರ. ಲಿನಕ್ಸ್‌ನ ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಲಭ್ಯವಿದೆಯೇ ಎಂದು ನೋಡುವ ಪುಟ್ಟ ಪರೀಕ್ಷಾ ಪ್ರೋಗ್ರಾಂನಲ್ಲಿ ಒಂದು ಚುಕ್ಕೆ ಹೆಚ್ಚಿಗೆ ಇತ್ತು. ಆ ಚುಕ್ಕೆಯಿಂದ ಪರೀಕ್ಷೆ ಎಂದೂ ಕಂಪೈಲ್ ಆಗದು, ಕಂಪೈಲ್ ಆಗದಿದ್ದರೆ ರಕ್ಷಣೆ ‘ಇಲ್ಲ’ ಎಂದು ಲೆಕ್ಕ. ಕಾನ್ಫಿಗರ್ ಪರೀಕ್ಷೆಗಳ ಮೌನ ಸೋಲನ್ನು ಆಯುಧವಾಗಿ ಬಳಸಿದ್ದು ಹೀಗೆ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಅನುಮಾನಪಟ್ಟ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೆನ್ನುಹತ್ತದೆ ಹೋಗಿದ್ದರೆ ಅದು ಲೋಕದ ಸರ್ವರ್‌ಗಳಿಗೆ ಹರಡುತ್ತಿತ್ತು. ಬಿಲ್ಡ್ ವ್ಯವಸ್ಥೆಯನ್ನು ಯಾರೂ ಓದುವುದಿಲ್ಲ ಎಂಬುದನ್ನು ದಾಳಿಕೋರ ಚೆನ್ನಾಗಿ ಅರಿತಿದ್ದ. ಇನ್ನು 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷದ ಸಂದರ್ಭ: ಲೋಕದ ಗುಟ್ಟುಗಳನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ಅದಕ್ಕೂ ಮುಂಚೆ ವರ್ಷಕ್ಕೆ ದೇಣಿಗೆಯಾಗಿ ಬರುತ್ತಿದ್ದದ್ದು ಸುಮಾರು 2,000 ಡಾಲರ್. ಪ್ರೀತಿ ಸಾಕಾಗುತ್ತದೆ ಎನ್ನುವವರು ಈ ಎರಡನ್ನೂ ವಿವರಿಸಬೇಕಾಗುತ್ತದೆ.

ಕಾಣುವಂಥ ಫಲ ಇಲ್ಲದ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟರೆ ಲೆಕ್ಕ ಕೇಳುವುದು ಹೇಗೆ ಎಂಬ ಪ್ರಶ್ನೆ ನನಗೆ ಇವೆಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಹಣ ಕೊಡುವವರಿಗೆ ಅದನ್ನು ಕೇಳುವ ಹಕ್ಕಿದೆ. ನಮ್ಮ ಊರುಗಳಲ್ಲಿ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಗೆ ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಧಾನ್ಯದ ಪಾಲು ಅಳೆಯುತ್ತಿದ್ದರು. ಈ ವರ್ಷ ಎಷ್ಟು ಹೊಸ ಕಾಲುವೆ ತೋಡಿದೆ ಎಂದು ಅವನನ್ನು ಕೇಳುತ್ತಿರಲಿಲ್ಲ. ಕೊನೆಯ ಗದ್ದೆಗೂ ನೀರು ಮುಟ್ಟಿತೇ ಎಂಬುದು ಎಲ್ಲರ ಕಣ್ಣೆದುರಿಗಿತ್ತು, ನೀರು ಪಡೆದವರೆಲ್ಲ ಕೊಡುವವರೂ ಆಗಿದ್ದರು. ಪರ್ಲ್‌ನ ತಿರುಳು ಕಾಯುವವರ ಕೆಲಸವೂ ಹಾಗೆ ಕಣ್ಣೆದುರೇ ಇದೆ. ಪ್ರತಿಯೊಂದು ಬದಲಾವಣೆ ಗಿಟ್ ಭಂಡಾರದಲ್ಲಿ ಹೆಸರು, ದಿನಾಂಕದೊಡನೆ ದಾಖಲಾಗುತ್ತದೆ. ಪರ್ಲ್‌ನ ಜೊತೆಗೆ ಬರುವ ಲಕ್ಷಗಟ್ಟಲೆ ಟೆಸ್ಟ್‌ಗಳು ಯಾವ ಯಂತ್ರದಲ್ಲಿ ಗೆದ್ದವು, ಯಾವುದರಲ್ಲಿ ಸೋತವು ಎಂದು ಯಾರು ಬೇಕಾದರೂ ನೋಡಬಹುದು. ಸಿಪಾನ್ ಎಂಬ ಮಾಡ್ಯೂಲ್ ಭಂಡಾರವನ್ನು ಸ್ವಯಂಸೇವಕರ ಜಾಲವೊಂದು ಹಲವು ವ್ಯವಸ್ಥೆಗಳಲ್ಲಿ ಓಡಿಸಿ ನೋಡುತ್ತಿರುತ್ತದೆ. ತಿರುಳಿನಲ್ಲಾದ ಯಾವ ಬದಲಾವಣೆಯಿಂದ ಯಾವ ಮಾಡ್ಯೂಲ್ ಒಡೆಯಿತು ಎಂಬುದನ್ನು ಆ ಒಂದು ಬದಲಾವಣೆಯವರೆಗೆ ಜಾಡು ಹಿಡಿದು ಹೇಳುತ್ತಾರೆ. ಗಂಟೆಯ ಲೆಕ್ಕದ ವರದಿಯನ್ನು ಇವುಗಳ ಪಕ್ಕದಲ್ಲಿಟ್ಟು ಓದಿದರೆ ಸೋಮಾರಿತನಕ್ಕೆ ಅಡಗಲು ಜಾಗವಿಲ್ಲ. ಸೌಲಭ್ಯದ ಭರವಸೆಗೆ ಕೊಡುವ ಅನುದಾನದ ಲೆಕ್ಕವೇ ಹೆಚ್ಚು ಮೋಸಗೊಳಿಸುವಂಥದ್ದು. ಸೌಲಭ್ಯ ಸೇರಿದ ದಿನ ಹಣ ಸಲ್ಲುತ್ತದೆ, ಬರೆದವರು ಹೊರಟುಹೋಗುತ್ತಾರೆ. ಆಮೇಲೆ ಹತ್ತಾರು ವರ್ಷ ಅದನ್ನು ಹೊಸ ಕಂಪೈಲರ್‌ಗಳಿಗೆ, ಹೊಸ ಯಂತ್ರಗಳಿಗೆ ಹೊಂದಿಸುವ ಖರ್ಚು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಕೊಡಬೇಕಾದವರು ಯಾರು ಎಂಬುದಕ್ಕೆ ಈಗ ಒಂದೆರಡು ಮಾದರಿಗಳಿವೆ. ಜರ್ಮನಿ 2022ರಲ್ಲಿ ಸರ್ಕಾರಿ ಹಣದಿಂದ ಸಾವರಿನ್ ಟೆಕ್ ಫಂಡ್ ಸ್ಥಾಪಿಸಿ, ಎಲ್ಲರೂ ಬಳಸುವ ಮುಕ್ತ ತಂತ್ರಾಂಶಗಳ ನಿರ್ವಹಣೆಗೆ ನೆರವು ಕೊಡುತ್ತಿದೆ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಶುರುಮಾಡಿತು. ಜಗತ್ತಿನ ಯಾವುದೇ ಮುಕ್ತ ತಂತ್ರಾಂಶ ಯೋಜನೆಗೆ 10,000ದಿಂದ 1,00,000 ಡಾಲರ್‌ವರೆಗೆ, ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್ ಎಂಬುದು ಅದರ ಗುರಿ. ನಮ್ಮ ರಾಜಧಾನಿಯ ಒಂದು ಕಂಪನಿ ಈ ಮಾದರಿ ಹಾಕಿದೆ ಎಂಬುದು ಸಂತೋಷದ ಸಂಗತಿ, ಆದರೆ ಬೆಂಗಳೂರಿನಲ್ಲಿ ಮುಕ್ತ ತಂತ್ರಾಂಶದ ಮೇಲೆ ವ್ಯವಹಾರ ನಡೆಸುವ ಕಂಪನಿ ಅದೊಂದೇ ಅಲ್ಲ. ಭಾರತ ಸರ್ಕಾರ 2015ರಲ್ಲೇ ತನ್ನ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿ ತಂದಿತು. ಬಳಸಲು ಹೇಳುವ ನೀತಿಯ ಜೊತೆಗೆ, ಬಳಸುವುದನ್ನು ಕಾಯುವವರಿಗೆ ಕೊಡಲು ಹೇಳುವ ಸಾಲೂ ಬೇಕು. ಚಿಪ್ ವಿನ್ಯಾಸದ ಕಂಪನಿಗಳು ತಮ್ಮ ವಿನ್ಯಾಸ ಉಪಕರಣಗಳ ಲೈಸೆನ್ಸ್‌ಗೆ ಪ್ರತಿವರ್ಷ ಹಣ ಕಟ್ಟುತ್ತವೆ. ಆ ಉಪಕರಣಗಳನ್ನು ಹೊಲಿದು ಜೋಡಿಸುವ ಪರ್ಲ್‌ಗೆ ಅದೇ ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸುವುದು ಅವುಗಳಿಗೆ ಹೊರೆಯಾಗದು. ಹಣದ ಹೊರತಾಗಿ ಅವು ಮಾತ್ರ ಕೊಡಬಹುದಾದ ಇನ್ನೊಂದು ಕೊಡುಗೆಯಿದೆ. ಸಿಪಾನ್‌ನ ಪರೀಕ್ಷಕರಿಗೆ ಕಾಣುವುದು ಬಹಿರಂಗವಾಗಿರುವ ಕೋಡ್ ಮಾತ್ರ. ಕಂಪನಿಗಳ ಒಳಗೆ ಇಪ್ಪತ್ತು ಮೂವತ್ತು ವರ್ಷಗಳಿಂದ ಬೆಳೆದ ಸ್ಕ್ರಿಪ್ಟ್‌ಗಳು ಹೊಸ ಆವೃತ್ತಿಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದು ತಿರುಳು ಕಾಯುವವರಿಗೆ ತಿಳಿಯುವ ದಾರಿಯೇ ಇಲ್ಲ. ಪ್ರತಿ ತಿಂಗಳು ಬರುವ ಪ್ರಯೋಗದ ಆವೃತ್ತಿಯನ್ನು ಕಟ್ಟಿ, ಅದರಲ್ಲಿ ತಮ್ಮ ಸ್ಕ್ರಿಪ್ಟ್‌ಗಳನ್ನು ಓಡಿಸಿ, ಒಡೆದದ್ದನ್ನು ಚಿಕ್ಕ ಉದಾಹರಣೆಯಾಗಿ ಇಳಿಸಿ ಬರೆದು ಕಳಿಸಲು ಒಬ್ಬ ಎಂಜಿನಿಯರ್‌ಗೆ ತಿಂಗಳಿಗೆ ಒಂದೆರಡು ದಿನ ಬಿಟ್ಟುಕೊಟ್ಟರೆ, ಸ್ಥಿರ ಆವೃತ್ತಿ ಬರುವ ಮೊದಲೇ ಆ ದೋಷ ತಿದ್ದಲು ಅವಕಾಶವಿರುತ್ತದೆ. ಸ್ಥಿರ ಆವೃತ್ತಿ ಬಂದ ಮೇಲೆ ಕಳಿಸಿದ ದೂರನ್ನು ಸರಿಪಡಿಸಲು ಹೊರಟರೆ ಅಷ್ಟರಲ್ಲಿ ಹೊಸ ನಡವಳಿಕೆಯನ್ನು ನೆಚ್ಚಿಕೊಂಡ ಬೇರೆ ಯಾರದೋ ಕೋಡ್ ಒಡೆಯುತ್ತದೆ.